ಥಾಯ್ಲೆಂಡ್ ನಿವೃತ್ತಿ ವೀಸಾ: ವಿಳಾಸದ ಗಂಟು ನಾನು ಬಿಚ್ಚಿದ್ದು ಹೀಗೆ

ಏಜೆಂಟ್ ಇಲ್ಲದೆ ಆಗೋದಿಲ್ಲ ಎಂದು ಹೇಳಿದವರು ಒಬ್ಬಿಬ್ಬರಲ್ಲ. 2025ರ ಆಗಸ್ಟ್‌ನಲ್ಲಿ ಪಾಸ್‌ಪೋರ್ಟ್ ಮೇಲೆ ಒಂದು ವರ್ಷದ ಮುದ್ರೆ ಬಿದ್ದ ಮೇಲೆ ಅವರಲ್ಲೇ ಮೂವರು ಫೋನ್ ಮಾಡಿ, "ಹೆಂಗ್ ಮಾಡಿದ್ರಿ ಸಾರ್, ಸ್ವಲ್ಪ ಹೇಳಿ" ಅಂದರು. ಮೂರು ಸಲ ಹೇಳಿ ಬಾಯಿ ಒಣಗಿತು, ಅದಕ್ಕೇ ಬರೆಯುತ್ತಿದ್ದೇನೆ. 50 ವರ್ಷ ದಾಟಿರಬೇಕು, ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಬೇಕು ಎಂಬುದೆಲ್ಲ ನಿಮಗೆ ಗೊತ್ತಿರುವ ಕಥೆ. ಈ ವೀಸಾಕ್ಕೆ ನಾನ್-ಓ, ಓ-ಎ ಎಂಬ ಬಗೆಗಳಿವೆ. ನಾನು ಹಿಡಿದದ್ದು ನಾನ್-ಓ ದಾರಿ: ಮೊದಲು 90 ದಿನ, ಆಮೇಲೆ ಒಂದು ವರ್ಷ. ಆರೋಗ್ಯ ವಿಮೆ, ಪೊಲೀಸ್ ಪ್ರಮಾಣಪತ್ರ ಎಲ್ಲ ಕೇಳುವ ಓ-ಎ ಕಡೆ ತಲೆ ಹಾಕಲಿಲ್ಲ.

ದುಡ್ಡು ಹೊಂದಿಸುವುದು ಕಷ್ಟವಾಗಲಿಲ್ಲ. ನನ್ನನ್ನು ಎರಡು ತಿಂಗಳು ಕುಣಿಸಿದ್ದು ವಿಳಾಸ. ಬ್ಯಾಂಕಿಗೆ ಹೋದರೆ ಖಾತೆ ತೆರೆಯಲು ಇಮಿಗ್ರೇಷನ್‌ನವರ ವಾಸದ ಪ್ರಮಾಣಪತ್ರ ತನ್ನಿ ಅಂದರು. ಇಮಿಗ್ರೇಷನ್‌ನವರು ಟಿಎಂ-30 ರಸೀದಿ ಎಲ್ಲಿ ಅಂದರು. ಪರದೇಶದವರು ಇಂಥ ಮನೆಯಲ್ಲಿದ್ದಾರೆ ಎಂದು ತಿಳಿಸುವ ಫಾರಂ ಈ ಟಿಎಂ-30. ಅದನ್ನು ಕೊಡಬೇಕಾದವನು ನಾನಲ್ಲ, ಮನೆಯ ಮಾಲೀಕ. 1979ರ ವಲಸೆ ಕಾಯ್ದೆಯ 38ನೇ ಕಲಮಿನ ಪ್ರಕಾರ ಪರದೇಶದವರು ಮನೆಗೆ ಬಂದ 24 ಗಂಟೆಯೊಳಗೆ ಮನೆಯ ಮಾಲೀಕರು ತಿಳಿಸಬೇಕು. ಮಾಲೀಕ ಒಲ್ಲೆ ಅಂದರೆ ಮುಗಿಯಿತು. ಮೂವತ್ತು ವರ್ಷ ಬ್ಯಾಂಕ್ ಕೌಂಟರಿನ ಆ ಕಡೆ ಕೂತು, "ಅಡ್ರೆಸ್ ಪ್ರೂಫ್ ಸರಿಯಿಲ್ಲ, ನಾಳೆ ಬನ್ನಿ" ಎಂದು ಎಷ್ಟು ಜನರನ್ನು ವಾಪಸ್ ಕಳಿಸಿದ್ದೆನೋ, ಆ ಬಾಕಿಯೆಲ್ಲ ಬಡ್ಡಿ ಸಮೇತ ಇಲ್ಲಿ ತೀರಿತು.

ಮೊದಲ ಮನೆ ಉತ್ತರದ ಒಂದು ಊರಿನ ಕಾಂಡೋ. ತಿಂಗಳಿಗೆ 9,000 ಬಾತ್, ಎರಡು ತಿಂಗಳ ಮುಂಗಡ. ಫೆಬ್ರವರಿ 20ರ ಸುಮಾರಿಗೆ ಬಂದಿಳಿದು ಅಲ್ಲಿಗೆ ಸೇರಿಕೊಂಡೆ. ಮಾಲೀಕ ಬೇರೆ ಊರಲ್ಲಿದ್ದ. ಟಿಎಂ-30 ಅಂದ ಕೂಡಲೇ ಸಂದೇಶಕ್ಕೆ ಉತ್ತರವೇ ನಿಂತುಹೋಯಿತು. ಬಾಡಿಗೆ ಆದಾಯ ತೆರಿಗೆಯವರ ಕಣ್ಣಿಗೆ ಬೀಳುತ್ತದೆ ಎಂಬ ಭಯ ಅವನಿಗೆ. ತಪ್ಪು ಅನ್ನುವುದಕ್ಕೂ ಬಾಯಿ ಬರಲಿಲ್ಲ, ನಮ್ಮಲ್ಲಿ ಬಾಡಿಗೆ ಕರಾರಿಗೆ ಸಹಿ ಹಾಕದ ಓನರ್‌ಗಳನ್ನು ನಾನೇನು ಕಂಡಿಲ್ಲವೇ! ಬಿಟ್ಟು ಹೊರಟಾಗ ಮುಂಗಡದಲ್ಲಿ 9,000 ಹೋಯಿತು.

ಆಮೇಲೆ ಬುದ್ಧಿವಂತಿಕೆ ತೋರಿಸಲು ಹೋದೆ. ಹೋಟೆಲಿನವರು ತಾವಾಗಿಯೇ ಅತಿಥಿಗಳ ವಿವರ ಕಳಿಸುತ್ತಾರೆ, ಅದನ್ನೇ ತೋರಿಸಿದರಾಯಿತು ಎಂದು ಹತ್ತು ದಿನ ಹೋಟೆಲಿನಲ್ಲಿದ್ದೆ. ವಿವರವೇನೋ ಹೋಗಿತ್ತು. ಆದರೆ ಕೌಂಟರಿನ ಹೆಣ್ಣುಮಗಳು ನಕ್ಕು, ಹೋಟೆಲ್ ವಾಸದ ಮನೆ ಅಲ್ಲ ಅಂದಳು. 7,000 ಬಾತ್ ನೀರಿಗೆ ಬಿತ್ತು.

ಮೂರನೇ ಸಲ ಕ್ರಮ ತಿರುವುಮುರುವು ಮಾಡಿದೆ. ಮನೆ ನೋಡುವ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ: ತಬಿಯನ್ ಬಾನ್ ನಿಮ್ಮ ಕೈಯಲ್ಲಿದೆಯೇ? ಮನೆಯ ನೋಂದಣಿ ಪುಸ್ತಕ ಅದು, ನೀಲಿ ರಟ್ಟಿನದು. ನಾಲ್ಕು ಮನೆಗಳವರು ಇಲ್ಲ ಅಂದರು. ಐದನೆಯದು ಓಣಿಯ ಕೊನೆಯ ಹಳೆಯ ಮನೆ. ಒಡತಿ ಅರವತ್ತರ ಹೆಂಗಸು, ಹಿಂದಿನ ಭಾಗದಲ್ಲಿ ತಾನೇ ಇದ್ದಳು. ಎಲ್ಲರೂ ಆಕೆಯನ್ನು 'ಪೀ' ಅನ್ನುತ್ತಿದ್ದರು, ನಮ್ಮ ಅಕ್ಕ ಇದ್ದ ಹಾಗೆ. ನಾನೂ ಅಂದೆ. ಮೊದಲ ದಿನ ಅವರೂ ತೆರಿಗೆ ಎಂದೇ ಹಿಂಜರಿದರು. ಎರಡನೇ ದಿನ ಹೋಗಿ ಹತ್ತು ನಿಮಿಷ ಮಾತಾಡಿದ ಮೇಲೆ ಪುಸ್ತಕ ತಂದು ಮೇಜಿನ ಮೇಲಿಟ್ಟರು. ಆ ಹತ್ತು ನಿಮಿಷದಲ್ಲಿ ಏನು ಹೇಳಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಎಲ್ಲರೂ ಅದನ್ನೇ ಹೇಳಿದರೆ ಅದರ ಬೆಲೆ ಹೋಗುತ್ತದೆ. ಲಂಚವಲ್ಲ, ಬಾಡಿಗೆ ಜಾಸ್ತಿಯೂ ಮಾಡಲಿಲ್ಲ, ಇಷ್ಟು ಹೇಳಬಲ್ಲೆ.

ಇನ್ನೇನು ಮುಗಿಯಿತು ಅಂದುಕೊಂಡಾಗ ನನ್ನ ಹೆಸರೇ ಅಡ್ಡ ಬಂತು. ನಮ್ಮ ಕಡೆಯ ಬಹಳ ಜನರ ಹಾಗೆ ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಊರು, ಅಪ್ಪನ ಹೆಸರು, ನನ್ನ ಹೆಸರು ಎಲ್ಲ ಗಿವನ್ ನೇಮ್ ಗೂಡಿನಲ್ಲೇ ಮಲಗಿವೆ. ಪೀ ಅವರು ಪಾಪ, ಟಿಎಂ-30ರಲ್ಲಿ ಆ ಜಾಗ ಖಾಲಿ ಬಿಟ್ಟರೆ ತಪ್ಪಾಗುತ್ತದೆ ಎಂದು ನಮ್ಮೂರ ಹೆಸರನ್ನು ಕೊನೆಗೆ ತಳ್ಳಿ ಸರ್‌ನೇಮ್ ಮಾಡಿದ್ದರು. ಕೌಂಟರಿನಲ್ಲಿ ಹುಡುಕಿದರೆ ನಾನು ಸಿಗಲಿಲ್ಲ. ಮತ್ತೆ ಹೊಸದಾಗಿ ಕೊಡುವಷ್ಟರಲ್ಲಿ 24 ಗಂಟೆ ಎಂದೋ ಕಳೆದಿತ್ತು, 800 ಬಾತ್ ದಂಡ. ಕಾನೂನಿನಂತೆ ದಂಡ ಮನೆಯವರ ಮೇಲೆ, ಆದರೆ ನಾನೇ ಕೊಟ್ಟೆ. ಇಂಥ ಕಡೆ ಕೈ ಬಿಗಿ ಹಿಡಿದರೆ ಮುಂದಿನ ವರ್ಷದ ಸಹಿ ಸಿಗುವುದಿಲ್ಲ. ಅರ್ಜಿಯ ಕೆಳಗಿನ ತುಂಡನ್ನು ಹರಿದು ಮುದ್ರೆ ಹಾಕಿ ಪಾಸ್‌ಪೋರ್ಟಿಗೆ ಪಿನ್ ಹೊಡೆದರು. ಅಂಗೈಯಗಲದ ಆ ಚೀಟಿಗೆ ನಾನು ಅಷ್ಟು ಹೊತ್ತಿಗೆ 16,800 ಬಾತ್ ಸುರಿದಿದ್ದೆ.

ಆ ಚೀಟಿ, ಬಾಡಿಗೆ ಕರಾರು, ಪೀ ಅವರ ಗುರುತಿನ ಚೀಟಿ ಮತ್ತು ನೀಲಿ ಪುಸ್ತಕದ ಪ್ರತಿಗಳು ಜೊತೆಗಿದ್ದರೆ ವಾಸದ ಪ್ರಮಾಣಪತ್ರ ಎರಡು ದಿನದ ಕೆಲಸ. ಪ್ರತಿಗಳ ಮೇಲೆ ಮಾಲೀಕರ ನೀಲಿ ಶಾಯಿಯ ಸಹಿ ಇರಲಿ, ಕಪ್ಪಾದರೆ ಜೆರಾಕ್ಸ್ ಅನ್ನುತ್ತಾರೆ. ಪ್ರಮಾಣಪತ್ರ ಒಂದಲ್ಲ, ಎರಡು ಮಾಡಿಸಿಕೊಂಡೆ. ಒಂದು ಬ್ಯಾಂಕಿಗೆ, ಇನ್ನೊಂದರಲ್ಲಿ ಸ್ಕೂಟರ್ ಲೈಸೆನ್ಸ್ ಮಾಡಿಸಿದೆ, 105 ಬಾತ್. ಈಗ ಎಲ್ಲಿ ಗುರುತು ಕೇಳಿದರೂ ಅದನ್ನೇ ಚಾಚುತ್ತೇನೆ. ಪರದೇಶದವರಿಗೆ ಕೊಡುವ ಹಳದಿ ಮನೆ ಪುಸ್ತಕಕ್ಕೂ ಕೈ ಹಾಕಿದ್ದೆ, ಸೋತೆ. ಪಾಸ್‌ಪೋರ್ಟಿನ ಥಾಯ್ ಅನುವಾದ ಎರಡು ಕಡೆ ಮಾಡಿಸಿದ್ದೆ, ನನ್ನ ಹೆಸರಿನ 'ಗ' ಒಂದರಲ್ಲಿ 'ಕ' ಆಗಿತ್ತು, ಇನ್ನೊಂದರಲ್ಲಿ 'ಖ' ಆಗಿತ್ತು. ಅವರ ಬಾಯಲ್ಲಿ ನಮ್ಮ 'ಗ' ಇಲ್ಲ. ಆಂಫೋ (ನಮ್ಮ ತಾಲೂಕಿನಂಥದ್ದು) ಕಚೇರಿಯವರು ಇಬ್ಬರಲ್ಲಿ ನೀನು ಯಾರು ಅನ್ನುವಂತೆ ನೋಡಿದರು. ಅದನ್ನು ಅಲ್ಲಿಗೇ ಬಿಟ್ಟೆ, ವೀಸಾಕ್ಕೆ ಅದು ಬೇಕಾಗಿಯೂ ಇರಲಿಲ್ಲ.

ಖಾತೆ ತೆರೆದದ್ದು ಮಾರ್ಚ್ ಕೊನೆಯ ವಾರ. ಅದು ಒಳ್ಳೆಯದೇ ಆಯಿತು. ಆಗ ಟಿಸಿಎಸ್ (ಹೊರದೇಶಕ್ಕೆ ಹಣ ಕಳಿಸುವಾಗ ನಮ್ಮ ಬ್ಯಾಂಕು ಮೊದಲೇ ಹಿಡಿಯುವ ತೆರಿಗೆ) ಇಲ್ಲದೆ ಕಳಿಸಬಹುದಾಗಿದ್ದು ವರ್ಷಕ್ಕೆ 7 ಲಕ್ಷ ರೂಪಾಯಿ, ಏಪ್ರಿಲ್ 1ರಿಂದ ಅದು 10 ಲಕ್ಷ. ಮಾರ್ಚ್ 31ರೊಳಗೆ 7 ಲಕ್ಷ, ಏಪ್ರಿಲ್‌ನಲ್ಲಿ ಸುಮಾರು 14 ಲಕ್ಷ ಕಳಿಸಿದೆ. 4 ಲಕ್ಷದ ಮೇಲೆ ಮಾತ್ರ ಶೇಕಡಾ 20, ಅಂದರೆ 80,000. ಎಲ್ಲವನ್ನೂ ಮಾರ್ಚ್‌ನಲ್ಲೇ ಕಳಿಸಿದ್ದರೆ 2.8 ಲಕ್ಷ ಸಿಕ್ಕಿಕೊಳ್ಳುತ್ತಿತ್ತು. ರಿಟರ್ನ್ಸ್‌ನಲ್ಲಿ ವಾಪಸ್ ಬರುವ ದುಡ್ಡೇ, ಆದರೂ ಅಲ್ಲಿಯವರೆಗೆ ಯಾರ ಮನೆ ಅಟ್ಟದ ಮೇಲಿರಬೇಕು? ಬಾತ್‌ಗೆ ಆಗ ಎರಡೂವರೆ ಚಿಲ್ಲರೆ ರೂಪಾಯಿ. ಡಾಲರ್‌ನಲ್ಲೇ ಕಳಿಸಿ, ಅಲ್ಲಿನ ಬ್ಯಾಂಕಿನಲ್ಲಿ ಬಾತ್ ಮಾಡಿಸಿ. ಹಣ ಹೊರದೇಶದಿಂದ ಬಂತು ಎಂಬ ಪತ್ರವನ್ನೂ ಬ್ಯಾಂಕಿನಿಂದ ತೆಗೆದುಕೊಳ್ಳಿ. ಖಾತೆ ನಿಮ್ಮೊಬ್ಬರ ಹೆಸರಿನಲ್ಲೇ ಇರಲಿ.

ಸೊಂಗ್‌ಕ್ರಾನ್ ಹಬ್ಬ ನಡುವೆ ಬಂತು, ಕಚೇರಿಗಳು ಮುಚ್ಚಿದವು, ಬಂದಿಳಿದಾಗ ನನಗೆ ಸಿಕ್ಕಿದ್ದ 60 ದಿನ ಮುಗಿಯುತ್ತಿತ್ತು. ಹಬ್ಬಕ್ಕೆ ಮೊದಲೇ 1,900 ಬಾತ್ ಕೊಟ್ಟು 30 ದಿನ ಮುಂದೂಡಿಸಿಕೊಂಡಿದ್ದೆ. ಏಪ್ರಿಲ್ ಕೊನೆಗೆ ನಾನ್-ಓ ವೀಸಾ ಕೇಳುವ ಟಿಎಂ-87 ಅರ್ಜಿ ಕೊಟ್ಟೆ, ಶುಲ್ಕ 2,000. ಅಲ್ಲೂ ಒಂದು ಎಡವಟ್ಟು. ಬಾಡಿಗೆ ಕರಾರಿನಲ್ಲಿ ಪೀ ಅವರು ಮನೆ ನಂಬರನ್ನು ಕೈಯಲ್ಲಿ, ಥಾಯ್ ಅಂಕಿಯಲ್ಲಿ ಬರೆದಿದ್ದರು. ಆ ಲಿಪಿಯಲ್ಲಿ 4 ಮತ್ತು 5 ಅವಳಿ ಮಕ್ಕಳು, ತಲೆಯ ಮೇಲಿನ ಒಂದು ಸಣ್ಣ ಸುಳಿಯಷ್ಟೇ ವ್ಯತ್ಯಾಸ. ಓರೆಗೆರೆಯ ಆಚೆಗಿದ್ದ 4 ಅನ್ನು ನಾನು ಅರ್ಜಿಯಲ್ಲಿ 5 ಮಾಡಿದ್ದೆ. ಅಧಿಕಾರಿ ಪೆನ್ನಿನ ತುದಿಯನ್ನು ಕರಾರಿನ ಮೇಲಿಟ್ಟರು, ಅಲ್ಲಿಂದ ಎತ್ತಿ ಅರ್ಜಿಯ ಮೇಲಿಟ್ಟರು, ಆಮೇಲೆ ನನ್ನ ಮುಖ ನೋಡಿದರು. ಕನ್ನಡದ ೬, ೭ ನೋಡಿ ತಡವರಿಸುವ ಮೊಮ್ಮಗನನ್ನು ಗೇಲಿ ಮಾಡಿದವನು ನಾನು! ಅಂದಿನಿಂದ ನೀಲಿ ಪುಸ್ತಕದಲ್ಲಿ ಅಚ್ಚಾಗಿರುವ ವಿಳಾಸವನ್ನು ಥಾಯ್‌ನಲ್ಲೇ ಒಂದು ಚೀಟಿಗೆ ಇಳಿಸಿಕೊಂಡು, ಬ್ಯಾಂಕು, ಲೈಸೆನ್ಸು, ಅರ್ಜಿ ಎಲ್ಲೆಡೆ ಅದನ್ನೇ ಅಕ್ಷರಕ್ಕೆ ಅಕ್ಷರ ಹಾಕಿಸಿದ್ದೇನೆ. ಮೂ (ಹಳ್ಳಿಯ ನಂಬರು), ತಂಬೊನ್ (ಹೋಬಳಿಯಂಥದ್ದು), ಆಂಫೋ ಯಾವುದನ್ನೂ ಇಂಗ್ಲಿಷಿಗೆ ನೀವೇ ತಿರುಗಿಸಲು ಹೋಗಬೇಡಿ.

ಮೇ ಮಧ್ಯದಲ್ಲಿ 90 ದಿನದ ವೀಸಾ ಸಿಕ್ಕಿತು. ಆಗಸ್ಟ್‌ನಲ್ಲಿ ಒಂದು ವರ್ಷದ ಅರ್ಜಿ, 1,900. ಹಣ ಎರಡು ತಿಂಗಳು ಕೂತಿರಬೇಕಿತ್ತು, ಮೂರಕ್ಕೂ ಹೆಚ್ಚೇ ಆಗಿತ್ತು. ಮನೆಯ ನಕ್ಷೆ, ನಂಬರ್ ಫಲಕದ ಕೆಳಗೆ ನಿಂತ ಫೋಟೋ, ಒಳಗೆ ಕೂತ ಫೋಟೋ ಕೇಳಿದರು. ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ನಾನಿಟ್ಟ ಒಂದು ಹಾಳೆ ನೋಡಿ ಮಿಕ್ಕದ್ದನ್ನು ಅವರು ಸರಿಯಾಗಿ ತಿರುವಲೂ ಇಲ್ಲ. ಅದು ಯಾವ ಹಾಳೆ ಎಂಬುದು ನನ್ನ ಬಳಿಯೇ ಇರಲಿ.

ಶುಲ್ಕ, ದಂಡ, ಪತ್ರ, ಜೆರಾಕ್ಸ್ ಎಲ್ಲ ಸೇರಿ ಸುಮಾರು 8,000 ಬಾತ್. ಕಳಕೊಂಡ 16,000 ಸೇರಿಸಿದರೆ 24,000. ಏಜೆಂಟ್ ಕೇಳಿದ್ದು 28,000. ದೊಡ್ಡ ಉಳಿತಾಯವೇನಲ್ಲ ಎಂದು ಹೆಂಡತಿ ಈಗಲೂ ಹಂಗಿಸುತ್ತಾಳೆ. ಆದರೆ ಏಜೆಂಟ್ ಮುಂದಿನ ವರ್ಷವೂ ಕೇಳುತ್ತಿದ್ದ, ನನಗೆ 1,900 ಸಾಕು.

ದೀಪಾವಳಿಗೆ ಊರಿಗೆ ಬರುವ ಮೊದಲು 1,000 ಬಾತ್ ಕೊಟ್ಟು ರೀ-ಎಂಟ್ರಿ ಪರ್ಮಿಟ್ ಮಾಡಿಸಿದೆ. ಅದನ್ನು ಮರೆತು ಗಡಿ ದಾಟಿದರೆ ಇಡೀ ವರ್ಷದ ವೀಸಾ ಅಲ್ಲಿಗೇ ಮುಗಿಯುತ್ತದೆ. ವಾಪಸ್ ಬಂದ ದಿನ ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಹತ್ತಿ ಅರ್ಧ ದಾರಿಯೂ ಬಂದಿರಲಿಲ್ಲ, ಪೀ ಅವರು ಲೈನ್ ಎಂಬ ಮೆಸೇಜ್ ಆ್ಯಪ್‌ನಲ್ಲಿ ಒಂದು ಚಿತ್ರ ಕಳಿಸಿದರು. ಹೊಸ ಟಿಎಂ-30 ರಸೀದಿ. ಸರ್‌ನೇಮ್ ಗೂಡು ಖಾಲಿಯಿತ್ತು.