ಬಿಟಿ ಹತ್ತಿ, ತುಡುವೆ ಜೇನು: ಪ್ರಯೋಗ ಕೆಡುವುದು ಬೀಜದ ಪೊಟ್ಟಣದಲ್ಲೇ

ಬಿಟಿ ಹತ್ತಿಯಿಂದ ತುಡುವೆಗೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಾಡಜೇನಿಗೆ, ತೊಂದರೆಯಿದೆಯೇ ಎಂದು ಪಿಎಚ್‌ಡಿಗೆ ಹೊರಟವರು ಮೊದಲು ನೋಡಬೇಕಾದದ್ದು ಜೇನನ್ನಲ್ಲ, ಬೀಜವನ್ನು. ಅಂಗಡಿಯ ಬಿಟಿ ಬೀಜದ ಮೇಲಿರುವ ಬಣ್ಣದ ಲೇಪದಲ್ಲಿ ಸಾಮಾನ್ಯವಾಗಿ ಇಮಿಡಾಕ್ಲೋಪ್ರಿಡ್ ಇರುತ್ತದೆ. ಅದು ಗಿಡದ ರಸದೊಂದಿಗೆ ಮೇಲೇರುವ ವಿಷ. ಜೇನಿಗೆ ನ್ಯಾನೊಗ್ರಾಂ ಲೆಕ್ಕದಲ್ಲೇ ಅಪಾಯ. ಹೋಲಿಕೆಗೆ ಲೇಪವಿಲ್ಲದ ನಾಟಿ ಹತ್ತಿ ಹಾಕಿದರೆ, ಲೇಪ ಮಾಡಿದ ತಪ್ಪನ್ನೆಲ್ಲ ಹುಳು ಕೊಲ್ಲಲೆಂದು ಬಿಟಿ ಗಿಡವೇ ತಯಾರಿಸುವ ಕ್ರೈ ಪ್ರೋಟೀನಿನ ತಲೆಗೆ ಕಟ್ಟಿದಂತೆ.

ಆದ್ದರಿಂದ ನಾವು ನಾಲ್ಕು ಬಗೆಯ ತಾಕು ಮಾಡಿದೆವು: ಬಿಟಿ ಮತ್ತು ಬಿಟಿಯಲ್ಲದ್ದು, ಎರಡಕ್ಕೂ ಲೇಪ ಇದ್ದದ್ದು ಮತ್ತು ಇಲ್ಲದ್ದು. ಬಿಟಿಯಲ್ಲದ ಬೀಜ ಅದೇ ಹೈಬ್ರಿಡ್‌ನ ಜೀನ್ ಸೇರಿಸದ ರೂಪವಾಗಿರಬೇಕು. ಹಿಂದೆ 450 ಗ್ರಾಂ ಬಿಟಿ ಬೀಜದ ಜೊತೆ ಬರುತ್ತಿದ್ದ 120 ಗ್ರಾಂ ಆಶ್ರಯ ಬೀಜ (ಹುಳುಗಳು ಬಿಟಿಗೆ ಒಗ್ಗಿಹೋಗದಂತೆ ಜೊತೆಗೆ ಬಿತ್ತುವ ಬಿಟಿಯಲ್ಲದ ಬೀಜ) ಅದೇ ಹೈಬ್ರಿಡ್ ಆಗಿರಲೇಬೇಕೆಂದಿರಲಿಲ್ಲ. ಈಗಿನ ಪೊಟ್ಟಣದಲ್ಲಿ ಎರಡೂ ಬೆರೆತೇ ಬರುತ್ತವೆ, ಅಂದರೆ ಬಿಟಿ ತಾಕಿನಲ್ಲೂ ಅಲ್ಲೊಂದು ಇಲ್ಲೊಂದು ಬಿಟಿಯಲ್ಲದ ಗಿಡ ನಿಂತಿರುತ್ತದೆ. ಹೂ ಕೀಳುವ ಪ್ರತಿ ಗಿಡದ ಎಲೆಯನ್ನೂ ಕ್ರೈ ಇದೆಯೇ ಎಂದು ತೋರಿಸುವ ಸ್ಟ್ರಿಪ್‌ನಲ್ಲಿ ಪರೀಕ್ಷಿಸಿ: ಎಲೆಯ ತುಣುಕನ್ನು ಕಿಟ್‌ನ ದ್ರಾವಣದಲ್ಲಿ ಅರೆದು ಸ್ಟ್ರಿಪ್ ಅದ್ದಿ, ಕಿಟ್ ಹೇಳಿದಷ್ಟು ನಿಮಿಷ ಕಾಯಿರಿ. ನಿಯಂತ್ರಣ ಗೆರೆಯೇ ಮೂಡದಿದ್ದರೆ ಸ್ಟ್ರಿಪ್ ಕೆಟ್ಟಿದೆ, ಎಸೆಯಿರಿ. 2002ರಲ್ಲಿ ಭಾರತದಲ್ಲಿ ಒಪ್ಪಿಗೆ ಸಿಕ್ಕ ಬಿಟಿ ಹತ್ತಿಯಲ್ಲಿ ಇದ್ದದ್ದು ಕ್ರೈ1ಎಸಿ ಎಂಬ ಬಗೆ ಮಾತ್ರ. 2006ರಲ್ಲಿ ಬಂದ ಬಿಟಿ ಹತ್ತಿ ಬೋಲ್‌ಗಾರ್ಡ್-2ರಲ್ಲಿ ಕ್ರೈ2ಎಬಿ ಕೂಡ ಇರುವುದರಿಂದ ಎರಡನ್ನೂ ನೋಡಬೇಕು.

ಎರಡನೆಯ ಪ್ರಶ್ನೆ: ಜೇನು ಹತ್ತಿಯ ಪರಾಗ ತಿನ್ನುತ್ತದೆಯೇ? ಹತ್ತಿಯ ಪರಾಗ ದಪ್ಪ, ಮೈತುಂಬ ಮುಳ್ಳು. ಜೇನು ಅದನ್ನು ಉಂಡೆ ಕಟ್ಟಿ ಕಾಲಿಗೆ ಅಂಟಿಸಿಕೊಳ್ಳಲು ಒದ್ದಾಡುತ್ತದೆ, ಎಷ್ಟೋ ಸಲ ಮೈಕೊಡವಿ ಬಿಟ್ಟುಬಿಡುತ್ತದೆ. ಹತ್ತಿಗೆ ಅದು ಬರುವುದು ಹೆಚ್ಚಾಗಿ ಮಕರಂದಕ್ಕೆ, ಅದೂ ಹೂವಿನೊಳಗೇ ಅಲ್ಲ, ಎಲೆಯ ಅಡಿಯ ನಡುನರದಲ್ಲಿರುವ ಗ್ರಂಥಿಗಳಿಗೂ. ಹೀಗಾಗಿ ಪೆಟ್ಟಿಗೆಯ ಬಾಯಿಗೆ ಪರಾಗ ಬಲೆ ಕಟ್ಟಿ, ಬಂದ ಉಂಡೆಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸದೆ ‘ಜೇನು ಇಷ್ಟು ಕ್ರೈ ತಿಂದಿತು’ ಎನ್ನುವುದು ಬರೀ ಊಹೆ. ಧಾರವಾಡ, ಹಾವೇರಿ ಕಡೆ ಗೋವಿನಜೋಳವೂ ಜೊತೆಗೇ ಹೂ ಬಿಡುತ್ತದೆ. ಅದರ ಪರಾಗ ನುಣ್ಣಗೆ, ಸೂರ್ಯಕಾಂತಿಯದು ಮುಳ್ಳಿದ್ದರೂ ಬಹಳ ಚಿಕ್ಕದು. ಗುರುತು ತಪ್ಪುವುದಿಲ್ಲ. ಬಲೆ ಮಾತ್ರ ಮೆಲ್ಲಿಫೆರಾ (ಯುರೋಪಿನ ಜೇನು) ಅಳತೆಯದು ನಡೆಯದು. ತುಡುವೆ ಮೈ ಚಿಕ್ಕದು, ಉಂಡೆಸಮೇತ ನುಸುಳಿಬಿಡುತ್ತದೆ.

ಪ್ರಯೋಗಕ್ಕೆ ಬೇಕಾದ ಪರಾಗ ಕೂಡಿಸಲು ಹಿಂದಿನ ಸಂಜೆ ಮೊಗ್ಗಿಗೆ ಚೀಲ ಕಟ್ಟಿ, ಬೆಳಗ್ಗೆ ಪರಾಗಕೋಶ ಬಿರಿದ ಮೇಲೆ ಹೂ ಕಿತ್ತೆವು. ಗುಲಾಬಿಗೆ ತಿರುಗಿದ್ದು ನಿನ್ನೆಯ ಹೂ, ಬೇಡ. ಜರಡಿ ಹಿಡಿಯುವಾಗ ಪರಾಗಕೋಶದ ಚೂರು ಬೆರೆತರೆ ಎಲೈಸಾ (ಕ್ರೈ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ಅಳತೆ ಸುಳ್ಳಾಗುತ್ತದೆ. ನೀರು ತಾಗಿಸಬೇಡಿ, ಹತ್ತಿಯ ಪರಾಗ ಒಡೆದುಹೋಗುತ್ತದೆ. ಕೂಡಲೇ ಐಸ್ ಡಬ್ಬಿಗೆ, ಅಲ್ಲಿಂದ ಮೈನಸ್ 80 ಡಿಗ್ರಿಗೆ.

ತಿನ್ನಿಸುವಾಗ ಯಾವ ಜೇನು ಎಂಬುದೇ ಮುಖ್ಯ. ಹೊರಗೆ ಹಾರುವ ಹಳೆ ಜೇನಿಗೆ ಪರಾಗ ಕೊಟ್ಟರೆ ಅದು ಮೂಸಿಯೂ ನೋಡುವುದಿಲ್ಲ. ಫಲಿತಾಂಶ ‘ಪರಿಣಾಮವಿಲ್ಲ’ ಎಂದು ಬರುತ್ತದೆ, ಕಾರಣ ತಿಂದೇ ಇಲ್ಲ! ಮುಚ್ಚಿದ ಮರಿ ಎರಿಯನ್ನು ಇನ್‌ಕ್ಯುಬೇಟರ್‌ನಲ್ಲಿಟ್ಟು, ಅದೇ ದಿನ ಹೊರಬಂದ ಎಳೆ ಜೇನನ್ನು ಪಂಜರದಲ್ಲಿಟ್ಟು ಬಳಸಿ. ಸುಮಾರು 33 ಡಿಗ್ರಿ, 50ರಿಂದ 70 ಶೇಕಡ ತೇವ, ಕತ್ತಲೆ, 50 ಶೇಕಡ ಸಕ್ಕರೆ ಪಾಕ, ಹತ್ತು ದಿನ. ಆಹಾರವನ್ನು ದಿನವೂ ಬದಲಿಸಿ, ಉಳಿದದ್ದನ್ನು ತೂಗಿ. ಪರೀಕ್ಷೆಯ ವಸ್ತು ಕೊಡದೆ ಬರೀ ಆಹಾರ ಕೊಟ್ಟ ಗುಂಪಿನಲ್ಲೇ 15 ಶೇಕಡಕ್ಕಿಂತ ಹೆಚ್ಚು ಸತ್ತರೆ ಆ ಸುತ್ತನ್ನು ಕೈಬಿಡಿ. ಜೇನನ್ನು ಕೊಲ್ಲುತ್ತದೆಂದು ಗೊತ್ತಿರುವ ಕೀಟನಾಶಕ ಡೈಮೆಥೊಯೇಟ್ ಕೊಟ್ಟ ಒಂದು ಗುಂಪು ಇರಲೇಬೇಕು. ಅಲ್ಲಿಯೂ ಜೇನು ಸಾಯದಿದ್ದರೆ ನಿಮ್ಮ ವಿಧಾನಕ್ಕೆ ಹಾನಿ ಹಿಡಿಯುವ ಶಕ್ತಿಯೇ ಇಲ್ಲ.

ಪಾಕಕ್ಕೆ ಬೆರೆಸಿದ ಕ್ರೈ ಪ್ರೋಟೀನು ಕೆಡಬಹುದು. ಎಲೈಸಾ ಅದರ ತುಣುಕನ್ನೂ ಎಣಿಸಬಲ್ಲದು. ವಿಷವಾಗಿ ಉಳಿದಿದೆಯೇ ಎಂದು ಹೇಳದು. ಅದಕ್ಕೆ ಉಳಿದ ಆಹಾರವನ್ನು ಆಗಷ್ಟೇ ಮೊಟ್ಟೆಯೊಡೆದು ಬಂದ ಕಾಯಿಕೊರಕದ ಮರಿಗಳಿಗೆ ತಿನ್ನಿಸಿ ನೋಡಬೇಕು. ಅವು ಸೊರಗಿದರೆ ಪ್ರೋಟೀನು ಜೀವಂತ.

ತುಡುವೆಯ ಮರಿಹುಳು ಪರೀಕ್ಷೆಗೆ ಇನ್ನೊಂದು ಕಾಟ: ಥಾಯ್ ಸ್ಯಾಕ್‌ಬ್ರೂಡ್. 1990ರ ದಶಕದ ಆರಂಭದಲ್ಲಿ ಇಲ್ಲಿನ ಜೇನುಕುಟುಂಬಗಳನ್ನು ಗುಡಿಸಿಹಾಕಿದ ವೈರಸ್ ಇದು. ನೀರು ತುಂಬಿದ ಚೀಲದಂತಾಗಿ ಸತ್ತ ಮರಿಯನ್ನು ಕ್ರೈಗೆ ಲೆಕ್ಕ ಹಾಕಬೇಡಿ. ಹುಳು ತೆಗೆಯುವ ಕುಟುಂಬದಲ್ಲಿ ವೈರಸ್ ಇದೆಯೇ ಎಂದು ಮೊದಲೇ ಪಿಸಿಆರ್‌ನಲ್ಲಿ ನೋಡಿ, ಕನಿಷ್ಠ ಮೂರು ಕುಟುಂಬ ಬಳಸಿ. ಲೆಕ್ಕಕ್ಕೆ ಕೂತಾಗ ಒಂದೇ ಪಂಜರದ ಮೂವತ್ತು ಜೇನನ್ನು ಮೂವತ್ತು ಪುನರಾವರ್ತನೆ ಎಂದು ಬರೆಯಬೇಡಿ, ಅದು ಒಂದೇ.