ವಾಲ್ವ್ ಆಪರೇಶನ್‌ಗೆ ಆಸ್ಪತ್ರೆ ಸೇರಿದ 13 ದಿನ, ನನ್ನ ಅನುಭವ

ಹಾರ್ಟ್ ಆಪರೇಶನ್ ಅಂತ ಬೆಂಗಳೂರಿಗೆ ಹೋದ್ರೆ ಮೊದಲು ಕಿತ್ತಿದ್ದು ನನ್ನ ಹಲ್ಲು. ಎಡಗಡೆ ದವಡೆ ಹಲ್ಲು ಹುಳುಕಾಗಿ ಎರಡು ವರ್ಷ ಆಗಿತ್ತು, ಲವಂಗ ಇಟ್ಕೊಂಡು ಕಾಲ ತಳ್ತಿದ್ದೆ. ಡಾಕ್ಟ್ರು ಬಾಯಿ ತೆಗೆಸಿ ನೋಡಿದೋರೇ, ಇದನ್ನ ಕೀಳಿಸಿ ಗಾಯ ಒಣಗಿದ ಮೇಲೆ ಬನ್ನಿ ಅಂತ ವಾಪಸ್ ಕಳ್ಸಿದ್ರು. ಬಾಯಲ್ಲಿರೋ ಸೋಂಕು ರಕ್ತಕ್ಕಿಳಿದು ಹಾರ್ಟಲ್ಲಿ ಹಾಕೋ ಹೊಸ ವಾಲ್ವ್ (ರಕ್ತ ಒಂದೇ ಕಡೆ ಹೋಗೋಕೆ ಬಿಡೋ ಬಾಗಿಲು) ಮೇಲೆ ಕೂತ್ರೆ ಮಾಡಿದ ಆಪರೇಶನ್ನೆಲ್ಲ ಹೊಳೇಲಿ ಹುಣಸೆಹಣ್ಣು ತೊಳ್ದಂಗೆ ಆಗುತ್ತಂತೆ. ಹಂಗಾಗಿ ಡೇಟ್ ಸಿಕ್ಕಿರೋರು ಯಾರಾದ್ರೂ ಇದ್ರೆ ಮೊದಲು ಹಲ್ಲಿನ ಡಾಕ್ಟ್ರ ಹತ್ರ ಹೋಗಿ ಬನ್ನಿ, ನಂಗೆ ಇದ್ರಿಂದ ಎರಡು ವಾರ ತಡ ಆಯ್ತು.

ನನ್ನ ಕತೆ ಚಿಕ್ಕದಾಗಿ ಹೇಳ್ಬಿಡ್ತೀನಿ. ನಂಗೀಗ 43, ತುರುವೇಕೆರೆ ಕಡೆಯೋಳು, ಮನೇಲೇ ಟೈಲರಿಂಗ್. ಐದನೇ ಕ್ಲಾಸಲ್ಲಿದ್ದಾಗ ಗಂಟಲು ನೋವು ಜ್ವರ ಬಂದು, ಅದು ಹೋದ ಮೇಲೆ ಮಂಡಿ ಊದ್ಕೊಂಡು ನಡೆಯೋಕಾಗ್ತಿರ್ಲಿಲ್ಲ, ಮನೇಲಿ ವಾಯು ಅಂತ ಎಣ್ಣೆ ತಿಕ್ಕಿದ್ರು. ಅದು ವಾಯು ಅಲ್ಲ, ರುಮ್ಯಾಟಿಕ್ ಫೀವರ್, ಮಂಡಿ ವಾಸಿಯಾಗುತ್ತೆ ಆದ್ರೆ ಹಾರ್ಟಿನ ವಾಲ್ವ್ ಕೆಡಿಸಿಟ್ಟು ಹೋಗುತ್ತೆ. ಆಮೇಲೆ ಡಾಕ್ಟ್ರು 21 ದಿನಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ಬರ್ಕೊಟ್ಟಿದ್ರು, ಮದುವೆ ಆದ್ಮೇಲೆ ನಾನೇ ಬಿಟ್ಬಿಟ್ಟೆ, ಅದು ನಂದೇ ತಪ್ಪು. ಕಳೆದ ವರ್ಷ ನೀರಿನ ಬಿಂದಿಗೆ ಹಿಡ್ಕೊಂಡು ಮೂರು ಮೆಟ್ಲು ಹತ್ತಿದ್ರೆ ದಮ್ಮು ಹತ್ತೋದು, ರಾತ್ರಿ ಚಪ್ಪಟೆ ಮಲಗೋಕಾಗ್ದೆ ಎರಡು ದಿಂಬು ಇಟ್ಕೊಳ್ತಿದ್ದೆ. ಎಕೋ ಅಂತ ಹಾರ್ಟಿನ ಸ್ಕ್ಯಾನ್ ಮಾಡಿಸಿದ್ರೆ ಮೈಟ್ರಲ್ ವಾಲ್ವ್, ಅಂದ್ರೆ ಹಾರ್ಟಿನ ಎಡಗಡೆ ಇರೋ ಒಂದು ವಾಲ್ವ್, ಕಿರಿದಾಗಿದೆ, ಸುಣ್ಣ ಕಟ್ಟಿದೆ, ಜೊತೆಗೆ ಲೀಕೂ ಇದೆ. ಬರೀ ಕಿರಿದಾಗಿದ್ರೆ ತೊಡೆಯಿಂದ ಬಲೂನ್ ಕಳ್ಸಿ ಅಗಲ ಮಾಡ್ಬಹುದಿತ್ತಂತೆ, ನಂದು ಬದಲಾಯಿಸ್ಲೇಬೇಕು ಅಂದ್ರು.

ದುಡ್ಡಿನ ವಿಷಯ. ಬಿಪಿಎಲ್ ಕಾರ್ಡ್ ಇದ್ದಿದ್ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಸ್ಕೀಮಲ್ಲಿ ಆಯ್ತು, ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆದ್ರೆ ರೇಶನ್ ಕಾರ್ಡಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಇನಿಶಿಯಲ್, ಆಧಾರಲ್ಲಿ ಯಜಮಾನ್ರದ್ದು, ಇದೊಂದಕ್ಕೆ ಅಪ್ರೂವಲ್ ನಿಂತು ನಾಲ್ಕು ದಿನ ವಾರ್ಡಲ್ಲಿ ಸುಮ್ನೆ ಬಿದ್ದಿದ್ದೆ. ಆ ಕಿಟಕಿಯಿಂದ ಈ ಕಿಟಕಿಗೆ ಯಜಮಾನ್ರು ಓಡಾಡಿದ್ದು ನೋಡಿ ಆಪರೇಶನ್ ಇವ್ರಿಗೇ ಬೇಕಾಗುತ್ತೇನೋ ಅನ್ನಿಸ್ತು. ಕಾಗದ ಎಲ್ಲ ಊರಲ್ಲೇ ಸರಿ ಮಾಡ್ಕೊಂಡು ಹೋಗಿ. ರಕ್ತ ಕೊಡೋರನ್ನೂ ಮೊದಲೇ ಹೇಳಿಟ್ಕೊಳ್ಳಿ, ನಮಗೆ ನಮ್ಮ ಬೀದಿ ಹುಡುಗ್ರು ಬೆಳಗಿನ ಬಸ್ಸಿಗೇ ಬಂದು ಕೊಟ್ಟು ಹೋದ್ರು.

ಯಾವ ವಾಲ್ವ್ ಅಂತ ಡಾಕ್ಟ್ರು ಕೂರಿಸ್ಕೊಂಡು ಹೇಳಿದ್ರು. ಪ್ರಾಣಿ ಅಂಗಾಂಶದಿಂದ ಮಾಡಿದ ವಾಲ್ವ್ ಹಾಕಿದ್ರೆ ರಕ್ತ ತೆಳು ಮಾಡೋ ಮಾತ್ರೆ ಜೀವನ ಪೂರ್ತಿ ಬೇಕಾಗೋದು ಕಮ್ಮಿ, ಆದ್ರೆ ಹತ್ತು ಹದಿನೈದು ವರ್ಷಕ್ಕೆ ಸವೆದು ಮತ್ತೆ ಎದೆ ತೆಗೀಬೇಕಾಗ್ಬಹುದು. ಮೆಕ್ಯಾನಿಕಲ್ ಹಾಕಿದ್ರೆ ಅದು ಸವೆಯಲ್ಲ, ಆದ್ರೆ ಮಾತ್ರೆ ಸಾಯೋವರೆಗೂ. ಇನ್ನೂ ಮಕ್ಕಳಾಗ್ಬೇಕು ಅನ್ನೋ ಹೆಣ್ಮಕ್ಕಳಿಗೆ ಈ ಮಾತ್ರೆ ಮಗುಗೆ ತೊಂದ್ರೆ ಕೊಡುತ್ತೆ, ಅವ್ರು ಇದನ್ನ ಡಾಕ್ಟ್ರ ಹತ್ರ ಬಾಯಿ ಬಿಟ್ಟು ಕೇಳ್ಲೇಬೇಕು. ನಂಗೆ ಎರಡು ಮಕ್ಕಳಾಗಿ, ಮುಂದೆ ಮಕ್ಕಳಾಗದಿರೋ ಆಪರೇಶನ್ನೂ ಆಗಿದೆ, ಅದಕ್ಕೆ ಮೆಕ್ಯಾನಿಕಲ್ಲೇ ಆಗ್ಲಿ ಅಂದೆ. ಹಾಕಿದ್ದು ಚಿತ್ರಾ ವಾಲ್ವ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯೋರು ಕಂಡುಹಿಡಿದು 1990ರಲ್ಲಿ ಮೊದಲ ಸಲ ರೋಗಿಗೆ ಹಾಕಿದ್ದಂತೆ. ಒಂದು ರಿಂಗು, ಒಳಗೆ ಓರೆಯಾಗಿ ತೆಗೆದು ಮುಚ್ಚೋ ಒಂದೇ ಒಂದು ಪ್ಲಾಸ್ಟಿಕ್ ಬಿಲ್ಲೆ. ಸ್ಯಾಂಪಲ್ ಕೈಗೆ ಕೊಟ್ರು, ನಂಗೆ ಕೋಟಿನ ಗುಂಡಿ ನೆನಪಾಯ್ತು.

ಹಿಂದಿನ ದಿನ ಸಾಯಂಕಾಲ ಮೈ ಕೂದಲು ತೆಗೆದು, ಔಷಧಿ ಸೋಪಲ್ಲಿ ಎರಡು ಸಲ ಸ್ನಾನ. ಮೈಮೇಲೆ ಒಂದು ಚೂರು ಲೋಹ ಇರಂಗಿಲ್ಲ. ಬಳೆ, ಕಾಲುಂಗುರ, ಓಲೆ ಬಿಚ್ಚಿದೆ. ಮೂಗುತಿ ತಿರುಪು 20 ವರ್ಷದಿಂದ ಬಿಚ್ಚಿರ್ಲಿಲ್ಲ, ಕೊಬ್ಬರಿ ಎಣ್ಣೆ ಹಾಕಿ ತಂಗಿ ಅರ್ಧ ಗಂಟೆ ಗುದ್ದಾಡಿದ್ಲು. ಇದನ್ನೆಲ್ಲ ಊರಲ್ಲೇ ಬಿಚ್ಚಿಟ್ಟು ಹೋಗಿ. ತಾಳಿ ಅಂದಾಗ ನಮ್ಮತ್ತೆ ಮುಖ ಸಣ್ಣಗಾಯ್ತು, ಕೊನೆಗೆ ಅವ್ರೇ ಅರಿಶಿನ ಕೊನೆ ದಾರಕ್ಕೆ ಕಟ್ಟಿ ಹಾಕೋಣ ಅಂತ ತಂದ್ರು, ಸಿಸ್ಟರ್ ಅದೂ ಕುತ್ತಿಗೇಲಿ ಬೇಡ, ಅಲ್ಲಿ ಪೈಪ್ ಹಾಕ್ತಾರೆ ಅಂದ್ರು. ತಾಳಿ 13 ದಿನಾನೂ ಕರ್ಚೀಫಲ್ಲಿ ಸುತ್ತಿ ಯಜಮಾನ್ರ ಶರ್ಟ್ ಜೇಬಲ್ಲೇ ಇತ್ತು.

ಆಪರೇಶನ್ ಬಗ್ಗೆ ಎಲ್ರೂ ಕೇಳ್ತಾರೆ, ಹೇಳೋಕೆ ನನ್ನ ಹತ್ರ ಏನೂ ಇಲ್ಲ. ಥಿಯೇಟರ್ ಚಳಿ ಇತ್ತು, ಊರು ಯಾವ್ದಮ್ಮ ಅಂತ ಅನಸ್ತೇಶಿಯಾ ಡಾಕ್ಟ್ರು ಕೇಳಿದ್ರು, ತುರುವೇ ಅನ್ನೋವರೆಗೆ ನೆನಪಿದೆ. ಐದು ಗಂಟೆ ಆಯ್ತಂತೆ, ಎದೆ ಮೂಳೆ ಸೀಳಿ, ಹಾರ್ಟ್ ನಿಲ್ಲಿಸಿ, ರಕ್ತ ಎಲ್ಲ ಮಿಶಿನ್ನಿಂದ ಓಡಿಸಿ. ಹೊರಗಡೆ ಕೂತಿದ್ದೋರಿಗೆ ಅದು ಐದು ಗಂಟೆ, ನಂಗೆ ಒಂದು ರೆಪ್ಪೆ ಬಡಿದಷ್ಟು.

ಕಷ್ಟ ಅಂದ್ರೆ ಎಚ್ಚರ ಆದ್ಮೇಲೆ. ಗಂಟಲೊಳಗೆ ವೆಂಟಿಲೇಟರ್ ಪೈಪು, ಮಾತು ಬರಲ್ಲ, ಪೈಪ್ ಕಿತ್ಕೊಳ್ದೇ ಇರ್ಲಿ ಅಂತ ಕೈ ಎರಡೂ ಮಂಚಕ್ಕೆ ಕಟ್ಟಿರ್ತಾರೆ. ಇದನ್ನ ಯಾರೂ ನಂಗೆ ಮೊದಲೇ ಹೇಳಿರ್ಲಿಲ್ಲ, ಕಟ್ಟಿರೋದು ಗೊತ್ತಾಗಿ ನಾನು ಹೆದರಿದ್ದು ಅಷ್ಟಿಷ್ಟಲ್ಲ. ಪೈಪಿನ ವಿರುದ್ಧ ಉಸಿರಾಡೋಕೆ ಹೋದ್ರೆ ಮಿಶಿನ್ ಕೂಗುತ್ತೆ, ಅದು ಕೊಡೋ ಗಾಳಿ ಜೊತೆ ಹೋಗ್ಬೇಕು, ಅಷ್ಟೇ ಗುಟ್ಟು. ನೋವು ತಡೀಬಹುದು, ಅದಕ್ಕೆ ಔಷಧಿ ಹೋಗ್ತಿರುತ್ತೆ, ಬಾಯಾರಿಕೆ ಇದ್ಯಲ್ಲ ಅದು ತಡಿಯೋಕಾಗಲ್ಲ. ಸಿಸ್ಟರ್ ಕೈ ಹತ್ರ ಬಂದಾಗ ಅವ್ರ ಅಂಗೈ ಮೇಲೆ ಬೆರಳಲ್ಲಿ ನೀರು ಅಂತ ಬರೆದೆ. ಅವ್ರು ನೋಡ್ತಾರೆ, ನಗ್ತಾರೆ. ಇನ್ನೊಂದ್ಸಲ ಬರೆದೆ. ಆಮೇಲೆ ಗೊತ್ತಾಯ್ತು ಆಯಮ್ಮ ಕೇರಳದೋರು, ಮಾತಾಡೋಕೆ ಕನ್ನಡ ಬರುತ್ತೆ, ಓದೋಕೆ ಬರಲ್ಲ! ಕೊನೆಗೆ ನಾಲಿಗೆ ಅಲ್ಲಾಡಿಸೋಕೆ ನೋಡ್ದಾಗ, ವೆಳ್ಳಮಾ (ನೀರಾ), ಟ್ಯೂಬ್ ತೆಗೆದ ಮೇಲೆ ಅಮ್ಮ, ಅಂತ ಒದ್ದೆ ಬಟ್ಟೆ ತುಟಿಗೆ ಒತ್ತಿದ್ರು. ಬೆಳಗಿನ ಜಾವ ಪೈಪ್ ತೆಗೆದ್ರು, ಅದಾದ್ಮೇಲೂ ಸುಮಾರು ಹೊತ್ತು ಬಿಟ್ಟು ಒಂದು ಮುಚ್ಚಳ ನೀರು ಕೊಟ್ರು. ನಮ್ಮೂರ ಎಳನೀರೂ ಅಷ್ಟು ರುಚಿ ಅನ್ನಿಸಿಲ್ಲ ಇದುವರೆಗೂ.

ಐಸಿಯುನಲ್ಲಿ ಮೂರು ದಿನ. ಕುತ್ತಿಗೇಲಿ ಒಂದು ಪೈಪ್, ಮಣಿಕಟ್ಟಲ್ಲೊಂದು, ಮೂತ್ರದ್ದೊಂದು, ಎದೆ ಕೆಳಗೆ ರಕ್ತ ಬಸಿಯೋ ಡ್ರೈನ್ ಎರಡು, ಅಲ್ಲೇ ದಾರದಂಥ ತೆಳು ವೈರ್‌ಗಳು, ಹಾರ್ಟ್ ನಿಧಾನ ಆದ್ರೆ ಕರೆಂಟ್ ಕೊಡೋಕೆ. ಎರಡನೇ ದಿನ ಡ್ರೈನ್ ತೆಗೀವಾಗ ಉಸಿರು ಎಳೆದು ಹಿಡ್ಕೊಳ್ಳಿ ಅಂದ್ರು, ಪಕ್ಕೆಲುಬಿನ ಒಳಗಿಂದ ಬಾವಿ ಹಗ್ಗ ಎಳ್ದಂಗೆ ಆಯ್ತು, ಒಂದು ಕೂಗು ಹಾಕಿದೆ, ಮುಗೀತು. ಮೂರನೇ ದಿನ ರಾತ್ರಿ ಎದೆ ದಡಬಡ ಅಂತ ತಾಳ ತಪ್ಪಿ ಹೊಡ್ಕೊಳ್ಳೋಕೆ ಶುರು, ಮಾನಿಟರ್ ಎಲ್ಲ ಕೂಗ್ತು, ವಾಲ್ವ್ ಕಳಚ್ಕೊಂಡೇ ಬಿಡ್ತು ಅಂದ್ಕೊಂಡೆ. ಇದು ಸುಮಾರು ಜನಕ್ಕೆ ಬರುತ್ತೆ ಹೆದರ್ಬೇಡಿ ಅಂತ ಡ್ರಿಪ್ಪಲ್ಲಿ ಔಷಧಿ ಕೊಟ್ರು, ಬೆಳಗ್ಗೆ ಹೊತ್ತಿಗೆ ಸರಿಹೋಯ್ತು.

ವಾರ್ಡಿಗೆ ಬಂದ್ಮೇಲೆ ಫಿಸಿಯೋದೋರ ಕಾಟ. ಮೂರು ಚೆಂಡಿರೋ ಡಬ್ಬಿ ಕೊಟ್ಟು, ಉಸಿರು ಎಳೆದು ಮೇಲಕ್ಕೆತ್ತಿ ಅಂತಾರೆ. ಮೊದಲ ದಿನ ಒಂದು ಚೆಂಡೂ ಅಲ್ಲಾಡ್ಲಿಲ್ಲ, ಏಳನೇ ದಿನಕ್ಕೆ ಎರಡು ಎದ್ವು. ಗಂಟೆಗೆ ಹತ್ತು ಸಲ, ಬೇಜಾರಾದ್ರೂ ಮಾಡಿ, ಕಫ ಕಟ್ಟಿದ್ರೆ ನ್ಯುಮೋನಿಯಾ. ಕೆಮ್ಮೋವಾಗ ದಿಂಬು ಎದೆಗೆ ಗಟ್ಟಿಯಾಗಿ ಅವಚ್ಕೊಂಡು ಕೆಮ್ಮಬೇಕು. ಕುಡಿಯೋದು ದಿನಕ್ಕೆ ಒಂದೂವರೆ ಲೀಟರ್ ಅಷ್ಟೇ, ಕಾಫಿ ಮಜ್ಜಿಗೆ ಎಲ್ಲ ಸೇರಿ, ತಂಗಿ ಬುಕ್ಕಲ್ಲಿ ಬರೀತಿದ್ಲು. ಊಟ ಸೇರಲ್ಲ, ಬಾಯೆಲ್ಲ ತುಕ್ಕಿನ ರುಚಿ. ಮಲಬದ್ಧತೆ ಆಗುತ್ತೆ, ನಾಚ್ಕೋಬೇಡಿ, ತಿಣುಕಬಾರ್ದು, ಸಿರಪ್ ಕೇಳಿ. ಐದನೇ ದಿನ ಉಪ್ಪಿಟ್ಟಿಗೆ ಉಪ್ಪು ಸಾಲ್ದು ಅಂತ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ, ಪಕ್ಕದ ಮಂಚದ ಅಜ್ಜಿ ನಾನು ನಿನ್ನೆ ಅತ್ತಾಯ್ತು ಬಿಡವ್ವ ಅಂದ್ರು.

ಹೆಂಗಸ್ರಿಗೆ ಒಂದು ಮಾತು. ಕೈ ಮೇಲೆತ್ತಿ ತಲೆಯಿಂದ ಹಾಕ್ಕೊಳ್ಳೋ ನೈಟಿ ಆಗಲ್ಲ, ಮುಂದೆ ಪೂರ್ತಿ ಓಪನ್ ಇರ್ಬೇಕು. ಒಳಗೂ ಮುಂದೆ ಹುಕ್ ಇರೋ ಮೆತ್ತನೆ ಕಾಟನ್ನೇ, ಇಲ್ದಿದ್ರೆ ಭಾರಕ್ಕೆ ಹೊಲಿಗೆ ಎಳೆಯುತ್ತೆ. ಇದನ್ನ ಡಾಕ್ಟ್ರು ಹೇಳಲ್ಲ, ಯಾರೂ ಹೇಳಲ್ಲ. ನಾನೇ ಟೈಲರ್ ಆಗಿ ನಂಗೇ ಹೊಳೀಲಿಲ್ಲ, ತಂಗಿ ಕತ್ರಿ ತಂದು ಎರಡು ನೈಟಿ ಮುಂದೆ ಕತ್ತರಿಸಿ ವಾರ್ಡಲ್ಲೇ ಕೂತು ಹುಕ್ ಹಾಕಿದ್ಲು, ಪಟ್ಟಿ ಸೊಟ್ಟ!

ಡಿಸ್ಚಾರ್ಜ್ ದಿನ ಜಾಸ್ತಿ ಹೊತ್ತು ಹೇಳಿದ್ದು ಅಸಿಟ್ರಾಮ್, ಅಂದ್ರೆ ಆ ರಕ್ತ ತೆಳು ಮಾಡೋ ಮಾತ್ರೆ ಬಗ್ಗೆ. ದಿನಾ ಸಾಯಂಕಾಲ ಒಂದೇ ಟೈಮಿಗೆ, ಮರೆತ್ರೆ ಮಾರನೇ ದಿನ ಎರಡು ನುಂಗಂಗಿಲ್ಲ. ಐಎನ್ಆರ್ ಅಂತ ರಕ್ತ ಪರೀಕ್ಷೆ, ನಂದು 2.5ರಿಂದ 3.5ರೊಳಗೆ ಇರ್ಬೇಕು. ಕಮ್ಮಿ ಆದ್ರೆ ವಾಲ್ವಲ್ಲಿ ರಕ್ತ ಹೆಪ್ಪುಗಟ್ಟುತ್ತೆ, ಜಾಸ್ತಿ ಆದ್ರೆ ಎಲ್ಲಾದ್ರೂ ಸೋರುತ್ತೆ. ಮೆಡಿಕಲ್ ಸ್ಟೋರಲ್ಲಿ ಕೇಳಿ ನೋವಿನ ಮಾತ್ರೆ ತಗೊಳ್ಳೋದು ಪೂರ್ತಿ ಬಂದ್. ಸೊಪ್ಪು ಈ ಮಾತ್ರೆಗೆ ಆಗಲ್ಲ ಅಂತ ಯಾರೋ ಹೇಳಿ ನಮ್ಮತ್ತೆ ಮನೇಲಿ ಬಸ್ಸಾರೇ ನಿಲ್ಲಿಸಿದ್ರು. ಡಯಟೀಶಿಯನ್ ಹೇಳಿದ್ದು ಬೇರೆ: ಸೊಪ್ಪು ಬಿಡ್ಬೇಡಿ, ವಾರಕ್ಕೆ ಎಷ್ಟು ತಿಂತೀರೋ ಅಷ್ಟೇ ಯಾವಾಗ್ಲೂ ತಿನ್ನಿ, ಒಂದು ವಾರ ಬಿಟ್ಟು ಇನ್ನೊಂದು ವಾರ ದಿನಾ ತಿಂದ್ರೆ ಐಎನ್ಆರ್ ಏರಿಳಿಯುತ್ತೆ. ಈಗ ಮಂಗಳವಾರ ಶುಕ್ರವಾರ ಬಸ್ಸಾರು, ಮುದ್ದೆ.

ಕಾರಲ್ಲಿ ಎದೆಗೆ ದಿಂಬು ಒತ್ಕೊಂಡು ಊರಿಗೆ ಬಂದ್ವಿ, ದಾರೀಲಿರೋ ಹಂಪು ಒಂದೊಂದೂ ಎಣಿಸಿದೀನಿ. ರಾತ್ರಿ ಮನೆ ನಿಶ್ಶಬ್ದ ಆದ್ಮೇಲೆ ಎಡ ಮಗ್ಗುಲಾದ್ರೆ ಟಿಕ್ ಟಿಕ್ ಕೇಳುತ್ತೆ, ಮೊದಲು ನಿದ್ದೆ ಬರ್ತಿರ್ಲಿಲ್ಲ, ಈಗ ಕೇಳಿಸ್ದೇ ಇದ್ರೆ ಕಿವಿಗೊಟ್ಟು ಹುಡುಕ್ತೀನಿ. ಮೂಳೆ ಕೂಡೋಕೆ ಮೂರು ತಿಂಗಳು ಭಾರ ಎತ್ತಂಗಿಲ್ಲ, ಟೂವೀಲರ್ ಇಲ್ಲ. ಹೊಲಿಗೆ ಮಿಶಿನ್ ತುಳೀಬಹುದಾ ಅಂದ್ರೆ ಡಾಕ್ಟ್ರು ಸ್ವಲ್ಪ ಯೋಚ್ನೆ ಮಾಡಿ, ಕಾಲಲ್ಲಿ ತುಳಿಯೋದಕ್ಕೆ ತೊಂದ್ರೆ ಇಲ್ಲ ಆದ್ರೆ ಬಗ್ಗಿ ಬಟ್ಟೆ ತಳ್ತೀರಲ್ಲ, ಅದು ಬೇಡ ಅಂದ್ರು. ಈಗ ಒಂಬತ್ತನೇ ವಾರ, ಕೂತಲ್ಲೇ ಹುಕ್ಕು ಕಾಜ ಹಾಕ್ತಿದೀನಿ. ತಂಗಿ ಹಾಕಿದ್ದ ಆ ಸೊಟ್ಟ ಪಟ್ಟಿ ಮೊದಲು ಬಿಚ್ಚಿ ಸರಿ ಮಾಡಿದೆ.