ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕೋ ಮುಂಚೆ ಇದನ್ನ ಓದಿ

ತುಮಕೂರಿನ ಗೆಳೆಯರೇ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ನಿಂತೋಯ್ತು ಅಂತ ಬಿ.ಎಚ್. ರೋಡಲ್ಲಿ ಹೊಸ ಲ್ಯಾಪ್‌ಟಾಪ್ ನೋಡೋಕೆ ಹೊರಟಿದ್ರೆ ಸ್ವಲ್ಪ ತಡೀರಿ. ವಿಂಡೋಸ್ 11ಗೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ತುಂಬ ಹಳೇ ಮೆಷಿನ್‌ಗಳಲ್ಲಿ ಇರಲ್ಲ, ಹಂಗಂತ ಮೆಷಿನ್ ಕೆಟ್ಟಿದೆ ಅಂತಲ್ಲ.

ಸ್ಲೋ ಆಗಿರೋಕೆ ಬಹಳ ಸಲ ಕಾರಣ ಹಾರ್ಡ್ ಡಿಸ್ಕು, ಒಳಗಿನ ತಟ್ಟೆ ತಿರುಗ್ತಾ ತಿರುಗ್ತಾ ಹೆಡ್ ಆ ಕಡೆ ಈ ಕಡೆ ಓಡಾಡಿ ಫೈಲ್ ಹುಡುಕ್ಬೇಕು, ಅದರ ಬದಲು ಹಾಕೋ ಎಸ್‌ಎಸ್‌ಡಿ ಚಿಪ್‌ಗಳಲ್ಲೇ ಫೈಲ್ ಇಡುತ್ತೆ, ತಿರುಗೋ ಭಾಗಾನೇ ಇಲ್ಲ. 2.5 ಇಂಚಿನ ಸಾಟಾ (ಕನೆಕ್ಟರ್ ಹೆಸರು) ಎಸ್‌ಎಸ್‌ಡಿ ತಗೊಂಡ್ರೆ ಸಾಮಾನ್ಯವಾಗಿ ಅದೇ ಜಾಗದಲ್ಲಿ ಕೂರುತ್ತೆ. ರ್‍ಯಾಮ್ 4 ಜಿಬಿ ಇದ್ರೆ 8 ಮಾಡ್ಸಿ, ನನ್ ಪ್ರಕಾರ ಇದಕ್ಕಿಂತ ಒಳ್ಳೇ ಖರ್ಚು ಇಲ್ಲ.

ಆಮೇಲೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಂ ಹಾಕಿ, ಪೂರ್ತಿ ಫ್ರೀ. ಮೊದ್ಲು ಫೋಟೋ, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಎಲ್ಲಾ ಬೇರೆ ಕಡೆ ಕಾಪಿ ಮಾಡ್ಕೊಳಿ, ಇದು ಮರೀಲೇಬೇಡಿ. ಇನ್‌ಸ್ಟಾಲ್ ಮಾಡ್ದೇನೇ ಪೆನ್‌ಡ್ರೈವ್‌ನಿಂದ ಓಡ್ಸಿ ವೈಫೈ, ಸೌಂಡು, ಪ್ರಿಂಟರ್ ಕೆಲ್ಸ ಮಾಡುತ್ತಾ ನೋಡ್ಬೋದು. ಕೀಬೋರ್ಡ್ ಸೆಟ್ಟಿಂಗ್ಸಲ್ಲಿ ಕನ್ನಡ ಟೈಪ್ ಮಾಡೋಕೆ ಕಗಪ ಅನ್ನೋ ಕೀಲಿ ಜೋಡಣೆನೂ ಇದೆ.

ಟ್ಯಾಲಿ, ನುಡಿ ದಿನಾ ಬೇಕೇಬೇಕು ಅನ್ನೋರು ಮಾತ್ರ ವಿಂಡೋಸಲ್ಲೇ ಇರಿ, ಅವು ವಿಂಡೋಸ್‌ಗೇ ಮಾಡಿರೋವು. ಮಕ್ಕಳ ಓದು, ಯೂಟ್ಯೂಬು, ಟೈಪಿಂಗ್ ಅಷ್ಟೇ ಅಂದ್ರೆ ಧೈರ್ಯವಾಗಿ ಹಾಕಿ, ಡೌಟ್ ಬಂದ್ರೆ ಮಾಡೆಲ್ ನಂಬರ್ ಇಲ್ಲೇ ಹಾಕಿ ನೋಡಿ ಹೇಳ್ತೀನಿ.